ಎಡಗಡೆ ಅಜ್ಜಿ, ಬಲಗಡೆ ಪೆನ್‌ಡ್ರೈವ್

ಶುಕ್ರವಾರ ಸಂಜೆ ಊರಿನ ಬಸ್ಸಿಗೆ ಬ್ಯಾಗ್ ತುಂಬ್ತಿದ್ದಾಗ ಅಪ್ಪನ ಫೋನ್ ಬಂತು. "ಲ್ಯಾಪ್‌ಟಾಪ್ ಹೋಯ್ತು ಕಣಮ್ಮಾ. ಕಪ್ಪು ಸ್ಕ್ರೀನು, ಮೇಲೆ ಎರಡು ಸಾಲು ಇಂಗ್ಲಿಷು, ಅಷ್ಟೇ. ಅಂಗಡಿಯವರು ಫಾರ್ಮ್ಯಾಟ್ ಮಾಡಿಕೊಡ್ತೀನಿ, ನಾಳೆ ತನ್ನಿ ಅಂದ್ರು."

"ಅಯ್ಯೋ ಕೊಡಬೇಡಿ ಅಪ್ಪಾ, ನಾನು ಬರ್ತೀನಿ ಇರಿ" ಅಂದೆ. ಅದರಲ್ಲಿ ಅಜ್ಜಿಯ ಸೋಬಾನೆ ಹಾಡುಗಳಿದ್ದವು. ಅಜ್ಜಿ ತೀರಿಕೊಂಡು ಎರಡು ವರ್ಷ. ಅಪ್ಪ ತಮ್ಮ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ, ಆ ಫೋನನ್ನು ಎಕ್ಸ್‌ಚೇಂಜ್ ಆಫರ್‌ಗೆ ಕೊಟ್ಟಾಗಿತ್ತು. ಇನ್ನೊಂದು ಕಾಪಿ ಎಲ್ಲೂ ಇಲ್ಲ. ಮಗಳು ಐಟಿಯಲ್ಲಿದ್ದೂ ಬ್ಯಾಕಪ್ ಇಲ್ಲ. ನಗಬೇಡಿ, ನಿಮ್ಮ ಮನೆಯ ಕಥೆಯೂ ಇದೇ ಇರುತ್ತೆ.

ಬೆಳಿಗ್ಗೆ ನೋಡಿದ್ರೆ ಲ್ಯಾಪ್‌ಟಾಪ್ ಏನೂ ಸತ್ತಿರಲಿಲ್ಲ. ಹಳೇ ಮಷೀನು ಅಂತ ನಾನೇ ಲೀನಕ್ಸ್ ಹಾಕಿಕೊಟ್ಟಿದ್ದೆ. ಯಾವುದೋ ಅಪ್‌ಡೇಟ್ ಆಗಿ ಗ್ರಾಫಿಕ್ಸ್ ಕೈಕೊಟ್ಟಿತ್ತು. ಕಪ್ಪು ಪರದೆಯ ಮೇಲಿದ್ದ ಆ ಎರಡು ಸಾಲು ಇಂಗ್ಲಿಷು ಲಾಗಿನ್ ಕೇಳ್ತಿತ್ತು. ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡ್ತು. ಐಕಾನ್ ಇಲ್ಲ, ಮೌಸ್ ಇಲ್ಲ, ಕರ್ಸರ್ ಮಾತ್ರ ಮಿಣುಕ್ತಿದೆ. ಇಂಥ ಜಾಗದಲ್ಲಿ ನಾನು ನಂಬೋದು ಮಿಡ್‌ನೈಟ್ ಕಮಾಂಡರ್ ಅನ್ನೋ ಫೈಲ್ ಮ್ಯಾನೇಜರನ್ನ. ಎಂ, ಸಿ ಅಂತ ಎರಡು ಅಕ್ಷರ ಹೊಡೆದು ಎಂಟರ್ ಒತ್ತಿದರೆ ನೀಲಿ ಪರದೆ ತೆರೆಯುತ್ತೆ. ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ಕೆಳಗೆ ಎಫ್1ರಿಂದ ಎಫ್10ರವರೆಗೆ ಯಾವ ಕೀ ಏನು ಮಾಡುತ್ತೆ ಅನ್ನೋ ಸಾಲು.

ಈ ಎರಡು ಪಟ್ಟಿಯ ಐಡಿಯಾ ಹಳೇದು. ಡಾಸ್ ಕಾಲದಲ್ಲಿ, 1986ರಲ್ಲಿ, ಜಾನ್ ಸೋಚಾ ಬರೆದ ನಾರ್ಟನ್ ಕಮಾಂಡರ್ ಬಂತು. ಅದನ್ನು ಮಾದರಿಯಾಗಿಟ್ಟುಕೊಂಡು ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ 1994ರಲ್ಲಿ ಯೂನಿಕ್ಸ್ ಥರದ ಸಿಸ್ಟಮ್‌ಗಳಿಗೆ ಮಿಡ್‌ನೈಟ್ ಕಮಾಂಡರ್ ಶುರು ಮಾಡಿದರು. ಮುಂದೆ 1997ರಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಯೋಜನೆ ಶುರುಮಾಡಿದವರಲ್ಲೂ ಅವರಿದ್ದರು. ಈಗ ರೇಂಜರ್, ಎನ್‌ಎನ್‌ಎನ್ ಅಂತ ಹೊಸ ತಲೆಮಾರಿನವು ಇವೆ, ವೇಗವಾಗೂ ಇವೆ. ನನಗೆ ಮಾತ್ರ ಈ ನೀಲಿ ಪರದೆಯೇ ಆಗಬೇಕು.

ಯಾಕೆ ಅಂದ್ರೆ ನನಗೊಂದು ಪೆಟ್ಟು ಬಿದ್ದಿದೆ. ಮೊದಲ ಕೆಲಸದಲ್ಲಿ 'ಓಲ್ಡ್' ಅಂತ ಶುರುವಾಗೋ ಫೈಲ್‌ಗಳನ್ನ ಅಳಿಸೋಕೆ ಆರ್‌ಎಂ ಕಮಾಂಡ್ ಹೊಡೆದೆ. 'ಓಲ್ಡ್' ಆದ ಮೇಲೆ ನಕ್ಷತ್ರ ಚಿಹ್ನೆ ಅಂಟಿಕೊಂಡು ಬರಬೇಕಿತ್ತು, ನಡುವೆ ಒಂದು ಸ್ಪೇಸ್ ಬಿತ್ತು. ಒಂಟಿ ನಕ್ಷತ್ರ ಅಂದ್ರೆ ಆ ಫೋಲ್ಡರ್‌ನಲ್ಲಿರೋ ಎಲ್ಲವೂ. ಎರಡು ವಾರದ ಕೆಲಸ ಹೋಯ್ತು. ಪಕ್ಕದ ಸೀಟಿನ ಸೀನಿಯರ್ ಒಬ್ಬರು ಬೈಯಲಿಲ್ಲ, ನನ್ನ ಮಷೀನಿಗೆ ಎಂಸಿ ಹಾಕಿ, "ಏನನ್ನ ಮುಟ್ತಿದೀಯ ಅಂತ ನೋಡ್ಕೊಂಡು ಮುಟ್ಟು" ಅಂದು ಹೋದರು. ಕಮಾಂಡ್ ಬರೋವರಿಗೆ ಇದೆಲ್ಲ ಚಿಕ್ಕಮಕ್ಕಳ ವಾಕರ್ ಅನ್ನಿಸಬಹುದು. ಅನ್ನಿಸಲಿ.

ಅಪ್ಪನ ಮಷೀನಿಗೆ ಬರೋಣ. ಡೆಸ್ಕ್‌ಟಾಪ್ ಇಲ್ಲದಾಗ ಪೆನ್‌ಡ್ರೈವ್ ತಾನಾಗೇ ತೆರೆಯಲ್ಲ, ಮೌಂಟ್ ಕಮಾಂಡ್ ಕೊಟ್ಟು ಕೈಯಾರೆ ಜೋಡಿಸಬೇಕು. ಹಾಗೆ ಜೋಡಿಸಿದ ಪೆನ್‌ಡ್ರೈವ್‌ಗೆ ಬರೆಯೋ ಅಧಿಕಾರ ಸಾಮಾನ್ಯ ಬಳಕೆದಾರರಿಗೆ ಇರಲಿಲ್ಲ. ಹಾಗಾಗಿ ಸುಡೋ ಸೇರಿಸಿ, ಅಂದ್ರೆ ಮನೆಯ ಎಲ್ಲ ಬೀಗದ ಕೈ ಹಿಡಿದುಕೊಂಡು, ಎಂಸಿ ತೆರೆದೆ. ಎಡಗಡೆ ಅಪ್ಪನ ಫೋಲ್ಡರ್‌ಗಳು, ಟ್ಯಾಬ್ ಒತ್ತಿದರೆ ಬಲಗಡೆ ಪೆನ್‌ಡ್ರೈವ್.

ಎಡಗಡೆ ನೋಡಿ ಎದೆ ಧಸಕ್ ಅಂತು. ಅಪ್ಪ ಎಲ್ಲಾ ಫೋಲ್ಡರ್‌ಗೂ ಕನ್ನಡದಲ್ಲಿ ಹೆಸರಿಟ್ಟಿದ್ದರು. ಈ ಕಪ್ಪು ಕನ್ಸೋಲ್‌ನ ಫಾಂಟಿಗೆ ಹೆಚ್ಚೆಂದರೆ 512 ಚಿಹ್ನೆಗಳ ಜಾಗ, ಅದರಲ್ಲಿ ಕನ್ನಡ ಇಲ್ಲವೇ ಇಲ್ಲ. 'ಕರೆಂಟ್ ಬಿಲ್' ಕೂಡ, 'ಅಮ್ಮನ ಹಾಡು' ಕೂಡ, ಒಂದೇ ಥರದ ಗುರುತುಗಳ ಸಾಲು. (ಡೆಸ್ಕ್‌ಟಾಪ್ ಇರುವ ಟರ್ಮಿನಲ್‌ಗಳಲ್ಲಿ ಕನ್ನಡ ಕಾಣುತ್ತೆ, ಆದರೆ ಒತ್ತಕ್ಷರ ಬಂದಲ್ಲೆಲ್ಲ ಪಟ್ಟಿಯ ಗೆರೆ ಸೊಟ್ಟ ಆಗೋದುಂಟು. ಇಷ್ಟು ವರ್ಷ ಆದರೂ ನಮ್ಮ ಲಿಪಿಗೆ ಈ ಗತಿ.)

"ಏನಾದ್ರೂ ಉಳಿಯುತ್ತೇನಮ್ಮಾ?" ಅಪ್ಪ ಹಿಂದೆ ಕುರ್ಚಿ ಹಾಕ್ಕೊಂಡು ಕೂತಿದ್ದರು.

"ನೋಡ್ತೀನಿ ಇರಿ."

ಹೆಸರು ಓದೋಕೆ ಆಗದಿದ್ರೂ ಗಾತ್ರ ಓದಬಹುದಲ್ಲ. ಫೋಲ್ಡರ್ ಮೇಲೆ ನಿಂತು ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಒಳಗಿರೋದೆಲ್ಲ ಸೇರಿ ಎಷ್ಟು ಅಂತ ಎಂಸಿ ಲೆಕ್ಕ ಹಾಕಿ ತೋರಿಸುತ್ತೆ. ಬಿಲ್ಲುಗಳ ಫೋಲ್ಡರ್ ಹಗುರ, ಹಾಡಿನ ಫೋಲ್ಡರ್ ಭಾರ. ಭಾರ ಇದ್ದ ಒಂದನ್ನ ತೆರೆದೆ. ವಾಯ್ಸ್ 001, 002 ಅಂತ ಫೋನೇ ಕೊಟ್ಟ ಇಂಗ್ಲಿಷ್ ಹೆಸರಿನ 38 ಫೈಲ್. ಸಿಕ್ಕಿತು!

ಬಲಗಡೆ ಎಫ್7 ಒತ್ತಿ 'ಅಜ್ಜಿ' ಅಂತ ಇಂಗ್ಲಿಷ್ ಅಕ್ಷರದಲ್ಲೇ ಹೊಸ ಫೋಲ್ಡರ್ ಮಾಡಿದೆ. ಎಡಕ್ಕೆ ಬಂದು ಪ್ಲಸ್ ಒತ್ತಿ ಎಲ್ಲಾ ಫೈಲ್ ಆರಿಸಿ, ಎಫ್5 ಒತ್ತಿದೆ. ಎಫ್5 ಅಂದ್ರೆ ಕಾಪಿ. ಪಕ್ಕದ ಎಫ್6 ಮೂವ್, ಅದು ಮೂಲದಿಂದ ಎತ್ತಿಬಿಡುತ್ತೆ, ಹುಷಾರು. ಒತ್ತಿದ ಕೂಡಲೇ ಎಲ್ಲಿಗೆ ಹೋಗುತ್ತೆ ಅಂತ ವಿಳಾಸ ತೋರಿಸಿ ಕೇಳುತ್ತೆ. ಆ ಒಂದು ಸಾಲನ್ನ ದಯವಿಟ್ಟು ಓದಿ. ಓದದೇ ಎಂಟರ್ ಒತ್ತೋದು ನಮ್ಮ ತಲೆಮಾರಿನ ರೋಗ, ನನಗೂ ಇದೆ.

ಅದು ಅವತ್ತೇ ಗೊತ್ತಾಯ್ತು. ಕೆಳಗೆ ಇನ್ನೊಂದು ಭಾರದ ಫೋಲ್ಡರ್ ಇತ್ತು, ಅದರಲ್ಲಿ 17 ಫೈಲ್, ಅವೂ ವಾಯ್ಸ್ 001ರಿಂದಲೇ ಶುರು. ಅಪ್ಪ ಎರಡು ಸಲ ಕಾಪಿ ಮಾಡಿಟ್ಟಿದ್ದಾರೆ ಅಂದುಕೊಂಡೆ. ಇರಲಿ ಅಂತ ಅವನ್ನೂ ಅದೇ ಫೋಲ್ಡರ್‌ಗೆ ಎಫ್5 ಕೊಟ್ಟೆ. ಕೆಂಪು ಡಬ್ಬಿಯೊಂದು ಬಂತು: ಈ ಹೆಸರಿನ ಫೈಲ್ ಅಲ್ಲಿ ಆಗಲೇ ಇದೆ. ಅದರಲ್ಲೇ ಹೊಸದರ ಗಾತ್ರ, ತಾರೀಖು, ಇರೋದರ ಗಾತ್ರ, ತಾರೀಖು. ಬೆರಳು 'ಆಲ್' ಬಟನ್ ಕಡೆ ಹೋಗಿತ್ತು. ಕಣ್ಣು ಅಂಕಿ ಮೇಲೆ ಬಿತ್ತು. ಇರೋದು 11 ಲಕ್ಷ ಬೈಟ್ ಚಿಲ್ಲರೆ, ಬರ್ತಿರೋದು 92 ಲಕ್ಷ.

"ಅಪ್ಪಾ, ಎರಡು ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ರಾ?"

"ಹೌದಲ್ಲ. ಮೊದಲು ನಂದು, ಆಮೇಲೆ ನಿನ್ನ ಚಿಕ್ಕಪ್ಪಂದು."

ಎರಡು ಫೋನೂ ಒಂದೇ ಥರ ಹೆಸರು ಕೊಟ್ಟಿವೆ. 'ಆಲ್' ಒತ್ತಿದ್ದರೆ ಪೆನ್‌ಡ್ರೈವ್‌ನಲ್ಲಿ 17 ಹಾಡಿನ ಮೇಲೆ ಬೇರೆ 17 ಹಾಡು ಕೂತಿರೋದು. ಅದನ್ನೇ ಬ್ಯಾಕಪ್ ಅಂತ ನಂಬಿ ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡ್ತಿದ್ದೆವು. ಮಾಮೂಲಿ ಸಿಪಿ ಕಮಾಂಡ್ ಆಗಿದ್ರೆ ಕೇಳ್ತಾನೇ ಇರಲಿಲ್ಲ, ಸದ್ದಿಲ್ಲದೆ ಮೇಲೆ ಬರೆದುಬಿಡೋದು. ಕೇಳು ಅಂತ ಹೇಳೋಕೆ ಅದಕ್ಕೂ ಒಂದು ಆಪ್ಶನ್ ಇದೆ ಅನ್ನಿ. ನೆನಪಿರಬೇಕಲ್ಲ?

ಅಬಾರ್ಟ್ ಒತ್ತಿ, ಎಫ್7ರಲ್ಲಿ 'ಅಜ್ಜಿ2' ಮಾಡಿ, ಅಲ್ಲಿಗೆ ಹಾಕಿದೆ. ಆಮೇಲೆ ಎರಡೂ ಕಡೆ ಜೋಡಿ ಫೋಲ್ಡರ್ ತೆರೆದು, ಕಂಟ್ರೋಲ್ ಎಕ್ಸ್ ಒತ್ತಿ ಡಿ ಒತ್ತಿದೆ. ಇದು ಎರಡು ಪಟ್ಟಿಯನ್ನ ಹೋಲಿಸುತ್ತೆ. 'ಥರೋ' ಅಂತ ಆರಿಸಿದರೆ ಫೈಲ್‌ಗಳ ಒಳಗನ್ನೂ ಬೈಟ್ ಬೈಟ್ ನೋಡಿ, ವ್ಯತ್ಯಾಸ ಇರೋದಕ್ಕೆ ಗುರುತು ಹಾಕುತ್ತೆ. ಒಂದಕ್ಕೂ ಗುರುತು ಬೀಳಲಿಲ್ಲ. ಎಫ್10 ಒತ್ತಿ ಹೊರಗೆ ಬಂದು, ಅನ್‌ಮೌಂಟ್ ಕೊಟ್ಟು, ಕಾದು, ಆಮೇಲೇ ಪೆನ್‌ಡ್ರೈವ್ ಕಿತ್ತೆ. ಕಾಪಿ ಮುಗೀತು ಅಂತ ಪರದೆ ಹೇಳಿದರೂ ಕೊನೆಯ ಒಂದಿಷ್ಟು ಇನ್ನೂ ಮೆಮೊರಿಯಲ್ಲೇ ಇರಬಹುದು, ಆತುರದಲ್ಲಿ ಕಿತ್ತರೆ ಅದು ಹೋಯ್ತು.

ನೀವೂ ಹಾಕ್ಕೊಳ್ಳೋದಾದ್ರೆ ಒಂದು ವಿಷಯ. ಎಫ್8 ಡಿಲೀಟ್, ಇಲ್ಲಿ ರಿಸೈಕಲ್ ಬಿನ್ ಇಲ್ಲ, ಹೋದದ್ದು ಹೋಯ್ತು. ಸುಡೋದಲ್ಲಿ ತೆರೆದಿದ್ದರಂತೂ ತಡೆಯೋರೇ ಇಲ್ಲ. ಆಪ್ಶನ್ಸ್ ಮೆನುವಿನ ಕಾನ್ಫಿಗರೇಶನ್‌ನಲ್ಲಿ 'ಸೇಫ್ ಡಿಲೀಟ್' ಅಂತಿದೆ, ಮೊದಲ ದಿನವೇ ಆನ್ ಮಾಡಿ. ಆಗ ಡಿಲೀಟ್ ಪ್ರಶ್ನೆಗೆ ಕರ್ಸರ್ 'ನೋ' ಮೇಲೆ ಕೂತಿರುತ್ತೆ. ಉಬುಂಟುವಲ್ಲಿ ಎಪಿಟಿ, ಮ್ಯಾಕ್‌ನಲ್ಲಿ ಹೋಮ್‌ಬ್ರೂ, ಆಂಡ್ರಾಯ್ಡ್ ಫೋನ್‌ನ ಟರ್ಮಕ್ಸ್‌ನಲ್ಲೂ ಎಂಸಿ ಅನ್ನೋ ಹೆಸರಲ್ಲೇ ಸಿಗುತ್ತೆ. ಎಫ್ ಕೀ ಇಲ್ಲದ ಕಡೆ ಎಸ್ಕೇಪ್ ಒತ್ತಿ ಬಿಟ್ಟು, 5 ಒತ್ತಿದರೆ ಎಫ್5 ಅಂತಲೇ ಲೆಕ್ಕ.

ಲ್ಯಾಪ್‌ಟಾಪ್ ಭಾನುವಾರ ಸರಿಹೋಯ್ತು. ಅದಕ್ಕೂ ಮುಂಚೆ, ಶನಿವಾರ ರಾತ್ರಿ ಊಟ ಆದ ಮೇಲೆ, ಪೆನ್‌ಡ್ರೈವನ್ನ ಅಪ್ಪನ ಫೋನಿಗೆ ಸಿಕ್ಕಿಸಿ ಆ 92 ಲಕ್ಷ ಬೈಟಿನ ವಾಯ್ಸ್ 001 ಹಾಕಿದೆವು. ಶುರುವಲ್ಲಿ ಅಜ್ಜಿ "ಇದು ಹತ್ಕಂತೇನಾ?" ಅಂತ ಎರಡು ಸಲ ಕೇಳ್ತಾರೆ. "ಹತ್ಕಂತು, ಹಾಡಮ್ಮಾ" ಅಂತಾರೆ ಅಪ್ಪ. ಆಮೇಲೆ ಏಳು ನಿಮಿಷ ಹಾಡು.