ಹಾರ್ಸ್‌ಪವರ್ ಲೆಕ್ಕ ಬಲ್ಲವರು ಬ್ರೇಕಿನ ಲೆಕ್ಕವನ್ನೂ ಕೇಳಲಿ

ಹೊಸ ಸ್ಪೋರ್ಟ್ಸ್ ಬೈಕೊಂದು ಬರುತ್ತದೆಂಬ ಸುದ್ದಿ ಸಿಕ್ಕರೆ ಸಾಕು, ಸೇಡಂನ ಚಹಾದ ಅಂಗಡಿಯಿಂದ ಚಿಂಚೋಳಿಯ ಬಸ್ ಸ್ಟ್ಯಾಂಡಿನವರೆಗೆ ಒಂದೇ ಮಾತು. ಗಾಡಿ ಇನ್ನೂ ಕಲಬುರಗಿಯ ಶೋರೂಮಿಗೂ ಬಂದಿರುವುದಿಲ್ಲ, ಫೋನಿನಲ್ಲಿ ಚಿತ್ರ ಬಂದಿರುತ್ತದೆ ಅಷ್ಟೆ. "ಪಿಕಪ್ ಹ್ಯಾಂಗದ?", "ಟಾಪ್ ಎಷ್ಟ್ ಹೋಗ್ತದ?", "ಹಿಂದಿನ ಟೈರ್ ಸಣ್ಣದಾಯ್ತಲ್ಲ ಭೈ!" ವಾಡಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗುತ್ತಿಗೆ ಕಾರ್ಮಿಕ, ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಹುಡುಗ, ಚಿತ್ತಾಪುರದ ಪಿಯುಸಿ ವಿದ್ಯಾರ್ಥಿ, ಎಲ್ಲರೂ ಈ ಪಂಚಾಯಿತಿಯ ಸದಸ್ಯರೇ. ಇಲ್ಲಿ ಜಾತಿಯಿಲ್ಲ, ಧರ್ಮವಿಲ್ಲ. ನಮ್ಮ ಊರುಗಳಲ್ಲಿ ಈಗ ಎಲ್ಲರೂ ಕೂಡಿ ಜಗಳವಾಡಬಲ್ಲ ವಿಷಯಗಳೇ ಕಡಿಮೆಯಾಗಿವೆ. ಬೈಕು ಅಂಥವುಗಳಲ್ಲಿ ಒಂದು.

ಈ ಹುಚ್ಚು ಹೊಸದೇನಲ್ಲ. 2003ರಲ್ಲಿ ಹೃತಿಕ್ ರೋಷನ್ ಜಾಹೀರಾತಿನೊಂದಿಗೆ ಕರಿಜ್ಮಾ ಬಂದಾಗ ಬಾಯಿ ತೆರೆದು ನೋಡಿದವರಿಗೆ ಇಂದು ನಲವತ್ತು ದಾಟಿದೆ. 2008ರಲ್ಲಿ ಯಮಹಾ ಆರ್15 ಬಂದಾಗ 150 ಸಿಸಿಯ ಗಾಡಿಗೆ ನೀರಿನಿಂದ ತಂಪಾಗುವ ಎಂಜಿನ್, ಆರು ಗೇರು ಎಂದು ಬೆರಗಾದವರುಂಟು. 2023ರ ಆಗಸ್ಟ್‌ನಲ್ಲಿ ಕರಿಜ್ಮಾ ಎಕ್ಸ್ಎಂಆರ್ ಎಂಬ ಹೆಸರಿನಲ್ಲಿ ಹಳೆಯ ಗಾಡಿ ಹೊಸ ರೂಪದಲ್ಲಿ ಮರಳಿತು. 210 ಸಿಸಿ, 25.5 ಅಶ್ವಶಕ್ತಿ. ಹಿರಿಯರು ಹಳೆಯ ಹೆಸರು ಕೇಳಿ ಖುಷಿಪಟ್ಟರೆ, ಇಪ್ಪತ್ತರ ಹುಡುಗರು "ಇಷ್ಟೇ ಪವರಾ?" ಎಂದು ಮೂಗು ಮುರಿದರು.

ಇದನ್ನು ಕಂಡು ನಮ್ಮ ಹಿರಿಯರು, ಉಪನ್ಯಾಸಕರು, ಮಸೀದಿಯ ಜವಾಬ್ದಾರರು ಆಡುವ ಮಾತು ಒಂದೇ: "ಹುಡುಗರು ಕೆಟ್ಟುಹೋದರು." ಈ ಮಾತನ್ನು ನಾವು ಒಪ್ಪುವುದಿಲ್ಲ. ಗಣಿತದಲ್ಲಿ ಫೇಲಾದ ಹುಡುಗ ಟಾರ್ಕ್ ಎಂದರೇನು, ಪವರ್ ಎಂದರೇನು ಎಂದು ಬಿಡಿಸಿ ಹೇಳುತ್ತಾನೆ. ಇಂಗ್ಲಿಷ್ ಪಾಠ ಓದಲಾರದವನು ನಾಲ್ಕು ಗಾಡಿಗಳ ತೂಕ, ಸಿಸಿ, ಗೇರುಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ. ಇದು ಕೆಟ್ಟ ತಲೆಯ ಲಕ್ಷಣವೇ? ತರಗತಿಯಲ್ಲಿ ಈ ತಲೆಗೆ ಮೇವು ಹಾಕಲಾಗದ ನಾವು, ಅದು ಬೇರೆ ಕಡೆ ಮೇಯುತ್ತಿದೆ ಎಂದು ಬೈಯುವುದು ಯಾವ ನ್ಯಾಯ?

ಇವರ ಟೀಕೆ ಬರೀ ಹರಟೆಯೂ ಅಲ್ಲ. 2024ರ ಮೇ ತಿಂಗಳಲ್ಲಿ ಬಜಾಜ್ ಕಂಪನಿ ಪಲ್ಸರ್ ಎನ್ಎಸ್400ಝೆಡ್ ಬಿಡುಗಡೆ ಮಾಡಿತು. 373 ಸಿಸಿ, 40 ಅಶ್ವಶಕ್ತಿ, ಆಗಿನ ಬೆಲೆ 1 ಲಕ್ಷ 85 ಸಾವಿರ. ಇಷ್ಟು ಶಕ್ತಿಯ ಗಾಡಿಗೆ ಹಿಂದಿನ ಟೈರ್ ಸಣ್ಣದಾಯಿತು ಎಂದು ದೇಶದ ತುಂಬ ಬೈಕ್ ಪ್ರಿಯರು ಆಕ್ಷೇಪಿಸಿದರು. 2025ರ ಮಾದರಿಯಲ್ಲಿ ಟೈರ್ ಅಗಲವಾಯಿತು, ಬ್ರೇಕಿನ ಪ್ಯಾಡುಗಳೂ ಬದಲಾದವು. ಅಂದರೆ ಕೊಳ್ಳುವವನು ತಿಳಿದು ಮಾತಾಡಿದರೆ ದೊಡ್ಡ ಕಂಪನಿಯೂ ಕಿವಿಗೊಡುತ್ತದೆ. ಸರ್ಕಾರದ ಮುಂದೆ ನಮ್ಮ ಎಷ್ಟು ಮನವಿಗಳಿಗೆ ಇಷ್ಟು ಬೇಗ ಉತ್ತರ ಬಂದಿದೆ?

ನಮ್ಮ ತಕರಾರು ಇರುವುದು ಬೇರೆ ಕಡೆ. ಈ ಹರಿತವಾದ ಕಣ್ಣು ಅರ್ಧ ದಾರಿಗೇ ನಿಂತುಬಿಡುತ್ತದೆ. ಒಂದು ಅಶ್ವಶಕ್ತಿ ಕಡಿಮೆಯಾದರೆ ದೊಡ್ಡ ಗಲಾಟೆ. ಎಬಿಎಸ್ ಎರಡೂ ಗಾಲಿಗಿದೆಯೋ ಒಂದೇ ಗಾಲಿಗೋ ಎಂದು ಕೇಳುವವರು ಎಷ್ಟು ಜನ? ಜೋರಾಗಿ ಬ್ರೇಕ್ ಹಿಡಿದಾಗ ಗಾಲಿ ಪೂರ್ತಿ ಹಿಡಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಅದು. 125 ಸಿಸಿ ಮೀರಿದ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯವಾಯಿತು. ಆದರೆ ಒಂದು ಗಾಲಿಗಿದ್ದರೂ ಕಾನೂನಿಗೆ ಸಾಕು. ಅಲ್ಲಿ ಹಣ ಉಳಿಸಿ, ಬಣ್ಣಕ್ಕೂ ಸ್ಟಿಕರಿಗೂ ಸುರಿದರೆ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಕಂಪನಿಗಳಿಗೆ ಇನ್ನೇನು ಬೇಕು?

ಇನ್ನು ಈ ಗಾಡಿ ಓಡುವುದು ಎಲ್ಲಿ? ಜಾಹೀರಾತಿನ ರಸ್ತೆಯಲ್ಲಿ ದನವಿಲ್ಲ, ಧೂಳಿಲ್ಲ, ಎದುರಿಗೆ ಲಾರಿಯಿಲ್ಲ. ನಮ್ಮದು ಸಿಮೆಂಟಿನ ಸೀಮೆ. ವಾಡಿ, ಮಳಖೇಡ, ಸೇಡಂ, ಇಟಗಾ, ಛತ್ರಸಾಲ ಎಂದು ಕಾರ್ಖಾನೆಗಳ ಸಾಲೇ ಇದೆ. ಸುಣ್ಣದಕಲ್ಲಿನ ಟಿಪ್ಪರು, ಸಿಮೆಂಟಿನ ಬಲ್ಕರು, ಚೀಲ ಹೊತ್ತ ಲಾರಿ ಹಗಲು ರಾತ್ರಿ ಓಡುತ್ತವೆ. ಕೆಟ್ಟು ನಿಂತ ಲಾರಿಗೆ ಹಿಂದೆ ದೀಪವಿರುವುದಿಲ್ಲ, ಅಡ್ಡ ಇಟ್ಟ ಎರಡು ಕಲ್ಲೇ ಸಿಗ್ನಲ್ಲು. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಬಂದ ಎರೆಮಣ್ಣು ಡಾಂಬರಿನ ಮೇಲೆ ಬೆಣ್ಣೆ ಬಳಿದಂತೆ ಕೂತಿರುತ್ತದೆ. ಚಳಿಗಾಲದಲ್ಲಿ ತೊಗರಿಯ ರಾಶಿ ರಸ್ತೆಯ ಮೇಲೇ ನಡೆಯುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 33 ಮೀಟರ್ ದಾಟುತ್ತದೆ. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಅರವತ್ತರ ವೇಗ ನೂರಿಪ್ಪತ್ತಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು. ಟಾಪ್ ಸ್ಪೀಡಿನ ಲೆಕ್ಕ ಹೇಳುವ ತಮ್ಮಂದಿರು ಈ ಲೆಕ್ಕವನ್ನೂ ಹೇಳಬೇಕಲ್ಲವೇ?

ಕೇಂದ್ರ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಮಂದಿಗೂ ಹೆಚ್ಚು ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ ದಾಟಿದರು. ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕೂತವರು. ಹಿಂದೆ ಕೂತವರೆಂದರೆ ಯಾರು? ಗೆಳೆಯ, ತಂಗಿ, ಮಡದಿ, ಆಸ್ಪತ್ರೆಗೆ ಹೊರಟ ತಾಯಿ. ಪವರಿನ ಜಗಳದಲ್ಲಿ ಇವರ ಪರವಾಗಿ ಮಾತಾಡುವವರು ಯಾರೂ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ಕರಿಜ್ಮಾ ಎಕ್ಸ್ಎಂಆರ್ ಬಂದಾಗ ಶೋರೂಮ್ ಬೆಲೆಯೇ 1,72,900 ರೂಪಾಯಿ. ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ನಮ್ಮ ರಾಜ್ಯದಲ್ಲಿ ಜೀವಿತಾವಧಿ ತೆರಿಗೆ ಶೇಕಡ 18, ಅಂದರೆ ಅದೊಂದೇ 30 ಸಾವಿರ ದಾಟುತ್ತದೆ. ಮೇಲೆ ವಿಮೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಆಸೆ ಇನ್ನೂ ಹತ್ತಿರ ಬಂದಿದೆ. ಗುತ್ತಿಗೆ ಕೆಲಸದ ಸಂಬಳದಲ್ಲಿ ಇದು ಕೈಗೆಟುಕುವುದು ಕಂತಿನ ಮೇಲೆಯೇ. ಜುಮಾ ಪ್ರವಚನದಲ್ಲಿ ಬಡ್ಡಿ ಹರಾಮೆಂದು ತಲೆಯಾಡಿಸಿ ಬಂದ ತಂದೆಯೇ ಮಗನ ಹಟಕ್ಕೆ ಸೋತು ಬಡ್ಡಿಯ ಕಾಗದಕ್ಕೆ ಸಹಿ ಹಾಕುತ್ತಾನೆ. ಮದುವೆಯಲ್ಲಿ ವರನಿಗೆ ಗಾಡಿ ಬೇಕೆಂದು ಹೆಣ್ಣಿನ ಮನೆಯವರ ಕೊರಳಿಗೆ ಬೀಳುವುದಂತೂ ಇದಕ್ಕಿಂತ ನಾಚಿಕೆಗೇಡು. ಪರರ ಕಣ್ಣೀರಿನ ಪೆಟ್ರೋಲಿನಲ್ಲಿ ಓಡುವ ಗಾಡಿಯಲ್ಲಿ ಯಾವ ಗಂಡಸುತನ?

ನಮ್ಮ ಮನೆಯ ಕಸವನ್ನು ನಾವೇ ಗುಡಿಸಬೇಕು. ಶಬೆ ಬರಾತ್ ಪ್ರಾರ್ಥನೆಯ, ಪಶ್ಚಾತ್ತಾಪದ ರಾತ್ರಿ. ಆ ರಾತ್ರಿ ಬೈಕಿನ ಕಸರತ್ತು ಮಾಡಬೇಡಿ ಎಂದು ದೆಹಲಿಯಂಥ ನಗರಗಳಲ್ಲಿ ಪೊಲೀಸರು ನಮ್ಮ ಯುವಕರಿಗೆ ಮತ್ತೆ ಮತ್ತೆ ಎಚ್ಚರಿಕೆ ಕೊಡಬೇಕಾಗಿ ಬಂದಿದೆ. ಇದಕ್ಕಿಂತ ಅವಮಾನ ಏನಿದೆ? ಯಾವ ಧರ್ಮದ ಮೆರವಣಿಗೆಯೇ ಇರಲಿ, ಸೈಲೆನ್ಸರ್ ಬಿಚ್ಚಿಸಿ ಊರನ್ನು ನಡುಗಿಸುವುದು ಭಕ್ತಿಯಲ್ಲ, ಸೊಕ್ಕು. ಭೂಮಿಯ ಮೇಲೆ ಸೊಕ್ಕಿನಿಂದ ನಡೆಯಬಾರದೆಂದು ಕಲಿಸಿದ ಧರ್ಮದವರು ನಾವು. ನಡೆಯುವುದಕ್ಕೆ ಅನ್ವಯಿಸುವ ನೀತಿ ಓಡಿಸುವುದಕ್ಕೆ ಅನ್ವಯಿಸುವುದಿಲ್ಲವೇ? "ಸಾವು ಬರೆದಿದ್ದರೆ ಹೆಲ್ಮೆಟ್ ಏನು ಮಾಡೀತು" ಎನ್ನುವವರೂ ನಮ್ಮಲ್ಲಿದ್ದಾರೆ. ಒಂಟೆಯನ್ನು ಕಟ್ಟದೆ ದೇವರ ಮೇಲೆ ಭಾರ ಹಾಕಲು ಹೊರಟವನಿಗೆ ಪ್ರವಾದಿ(ಸ)ಯವರು, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಹೇಳಿದ ಪ್ರಸಂಗ ಮಕ್ಕಳಿಗೂ ಗೊತ್ತು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದೂ ಒಂಟೆ ಕಟ್ಟುವ ಕೆಲಸವೇ.

ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಡುವ ತಂದೆತಾಯಿಗಳೂ ಕೇಳಲಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಬಾಲಕ ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. "ನಮ್ಮ ಹುಡುಗ ಚೆನ್ನಾಗಿ ಓಡಿಸ್ತಾನ್ರಿ" ಎಂಬ ಹೆಮ್ಮೆ ಕೋರ್ಟಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಈ ಹುಚ್ಚನ್ನು ಏನು ಮಾಡಬೇಕು? ಕೊಲ್ಲಬಾರದು, ದಾರಿಗೆ ಹಚ್ಚಬೇಕು. ನಮ್ಮ ಊರುಗಳ ಗ್ಯಾರೇಜುಗಳನ್ನು ನೋಡಿ. ಕೈಗೆ ಗ್ರೀಸು ಹತ್ತಿದ ಉಸ್ತಾದರು, ಪಾನಾ ಹಿಡಿದು ನಿಂತ ಹುಡುಗರು. ಅವರಲ್ಲಿ ನಮ್ಮವರು ಬಹಳ. ಮುಸ್ಲಿಮರಲ್ಲಿ ಖಾಯಂ ಸಂಬಳದ ಕೆಲಸ ಕಡಿಮೆ, ಸ್ವಂತ ದುಡಿಮೆಯೇ ಹೆಚ್ಚು ಎಂದು 2006ರ ಸಾಚಾರ್ ವರದಿ ಹೇಳಿತ್ತು. ಈಗ ಆ ದುಡಿಮೆಗೂ ಸಂಚಕಾರ ಬಂದಿದೆ. 2020ರ ಏಪ್ರಿಲ್‌ನಿಂದ ಬಿಎಸ್6 ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಉಸ್ತಾದನ ಕಿವಿಗೆ ಸೆನ್ಸರಿನ ರೋಗ ಕೇಳಿಸುವುದಿಲ್ಲ. ಅದಕ್ಕೆ ಸ್ಕ್ಯಾನರ್ ಬೇಕು, ಓದು ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಜಾವಾ, ಯೆಜ್ದಿ ಗಾಡಿಗಳು ಇಂದಿಗೂ ಓಡುತ್ತಿವೆ. ಅವನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಬೀದಿಬೀದಿಯಲ್ಲಿ ಇದ್ದುದೇ ಅದಕ್ಕೆ ಕಾರಣ. ಇಂದಿನ ಗಾಡಿಯನ್ನು ಮುಂದೆ ಬಿಚ್ಚಿ ಕಟ್ಟುವವರು ಯಾರು?

ಚಹಾದ ಅಂಗಡಿಯಲ್ಲಿ ಟಾರ್ಕಿನ ಲೆಕ್ಕ ಹೇಳುವ ಹುಡುಗನೇ ಆಗಬೇಕು. ಅವನನ್ನು ಐಟಿಐಗೆ, ಡಿಪ್ಲೊಮಾಗೆ ಕಳಿಸುವ ಹೊಣೆ ಮನೆಯದು, ಜಮಾಅತ್‌ಗಳದು. ಜಲ್ಸಾಗಳಿಗೆ ಲಕ್ಷಗಟ್ಟಲೆ ಚಂದಾ ಎತ್ತಬಲ್ಲ ನಾವು ಊರಿನ ಗ್ಯಾರೇಜುಗಳೆಲ್ಲ ಸೇರಿ ಬಳಸಲು ಒಂದು ಸ್ಕ್ಯಾನರ್ ಕೊಡಿಸಲಾರೆವೇ? ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಬಂದಿದೆ. ಅರ್ಜಿ ಹಾಕದವನಿಗೆ ಅದು ಬರೀ ಕಾಗದ.

ತಮ್ಮಂದಿರೇ, ಹೊಸ ಗಾಡಿಯ ಸುದ್ದಿ ಇನ್ನೂ ಬರುತ್ತಲೇ ಇರುತ್ತದೆ. ಜಗಳವಾಡಿ, ತಪ್ಪು ಹುಡುಕಿ. ಆದರೆ ಟಾಪ್ ಎಷ್ಟು ಎಂದು ಕೇಳುವ ಮುಂಚೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳಿ. ಎಷ್ಟು ಕೊಡುತ್ತದೆ ಎಂದು ಕೇಳುವ ಮುಂಚೆ ಮನೆಯಿಂದ ಎಷ್ಟು ಕಿತ್ತುಕೊಳ್ಳುತ್ತದೆ ಎಂದು ಕೇಳಿ. ಅಗಲವಾದ ಟೈರು ಕೇಳಿ ಪಡೆದವರು ನಿಮ್ಮಂಥವರೇ. ಎರಡೂ ಗಾಲಿಗೆ ಎಬಿಎಸ್ ಬೇಕು, ನಿಂತ ಲಾರಿಗೆ ಹಿಂದೆ ದೀಪ ಬೇಕು, ಗುಂಡಿಯಿಲ್ಲದ ರಸ್ತೆ ಬೇಕು ಎಂದು ಅದೇ ಗಂಟಲಿನಲ್ಲಿ ಕೇಳಿ ನೋಡಿ. ಅಂದು ಈ ಸೀಮೆಯ ಹಿರಿಯರು ನಿಮ್ಮನ್ನು ಕೆಟ್ಟ ಹುಡುಗರೆಂದರೆ, ನಿಮ್ಮ ಪರವಾಗಿ ಮೊದಲು ನಿಲ್ಲುವವರು ನಾವು.