ಆಸ್ಪತ್ರೆ ಬಿಲ್ ಕಟ್ಟಿದರೆ ಪರಿಹಾರ ಮುಗಿಯಿತಾ? ಕಾನೂನು ಹೇಳುವುದೇ ಬೇರೆ

ಹಟ್ಟಿಯಂಗಡಿ: ಕೆಂಪುಕಲ್ಲು ಕೋರೆ, ಮರದ ಮಿಲ್, ಸೆಂಟ್ರಿಂಗ್, ಗೋದಾಮಿನ ಲೋಡಿಂಗ್... ಹಟ್ಟಿಯಂಗಡಿ, ತಲ್ಲೂರು, ಹೆಮ್ಮಾಡಿ ಸುತ್ತಮುತ್ತ ಕೂಲಿಗೆ ಹೋಗುವವರ ಕೆಲಸಗಳಿವು. ಇಲ್ಲಿ ಕೈಗೋ ಕಾಲಿಗೋ ಪೆಟ್ಟಾದರೆ ನಡೆಯುವ ಕ್ರಮ ಹೆಚ್ಚಾಗಿ ಒಂದೇ. ಧಣಿಗಳು ಆಸ್ಪತ್ರೆ ಬಿಲ್ ಕಟ್ಟುತ್ತಾರೆ, ಮೇಲೆ ಖರ್ಚಿಗೆ ಸ್ವಲ್ಪ ಕೊಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. "ಬಿಲ್ ಕಟ್ಟಿರ್ ಅಲ್ದಾ, ಇನ್ನೆಂತ ಕೇಂಬುದು" ಅನ್ನುವ ಸಂಕೋಚವೇ ಜಾಸ್ತಿ.

ಆದರೆ ಕಾನೂನಿನ ಲೆಕ್ಕದಲ್ಲಿ ಬಿಲ್ ಬೇರೆ, ಪರಿಹಾರ ಬೇರೆ. ಕೆಲಸದಲ್ಲಿ ಆದ ಗಾಯದ ಚಿಕಿತ್ಸಾ ವೆಚ್ಚ ಮಾಲೀಕರೇ ಕೊಡಬೇಕು. ಆ ದುಡ್ಡನ್ನು ಪರಿಹಾರದಲ್ಲಿ ಕಳೆಯುವ ಹಾಗಿಲ್ಲ. "ಇನ್ನು ಏನೂ ಕೇಳುವುದಿಲ್ಲ" ಎಂದು ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ.

1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇದ್ದದ್ದು ಇದೇ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿತು. ಹೆಸರು ಬದಲಾಯಿತೇ ಹೊರತು ಹಕ್ಕು ಹೋಗಲಿಲ್ಲ.

ಹೆಬ್ಬೆರಳಿನ ಲೆಕ್ಕ

ಕಾಯ್ದೆಯ ಪಟ್ಟಿಯಲ್ಲಿ ಒಂದು ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ಶೇ. 30 ನಷ್ಟ. 30 ವರ್ಷದ ಯುವಕ ತಿಂಗಳಿಗೆ 15,000 ರೂ. ದುಡಿಯುತ್ತಿದ್ದ ಎಂದಿಟ್ಟುಕೊಳ್ಳಿ. 2020ರ ಜನವರಿಯ ಅಧಿಸೂಚನೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಸಂಬಳವೂ ಅಷ್ಟೇ. ಅದರ ಶೇ. 60 ಅಂದರೆ 9,000. ಇದನ್ನು 30 ವರ್ಷಕ್ಕೆ ನಿಗದಿಯಾದ 207.98ರಿಂದ ಗುಣಿಸಿದರೆ 18,71,820 ರೂ. ಅದರ ಶೇ. 30 ಅಂದರೆ 5,61,546 ರೂ. ಬಿಲ್ ಕಟ್ಟಿಸಿಕೊಂಡು ಸುಮ್ಮನಾದವ ಬಿಟ್ಟುಬಂದದ್ದು ಇಷ್ಟು ಮೊತ್ತ.

ಕೆಲವೊಮ್ಮೆ ಪಟ್ಟಿಗಿಂತ ಹೆಚ್ಚೂ ಸಿಗುತ್ತದೆ. ಆಯನೂರಿನಿಂದ ಶಿವಮೊಗ್ಗಕ್ಕೆ ಟ್ಯಾಂಕರ್ ಓಡಿಸುತ್ತಿದ್ದ ಚಾಲಕರೊಬ್ಬರು ಅಪಘಾತದಲ್ಲಿ ಬಲಗಾಲು ಕಳೆದುಕೊಂಡರು. ಪರಿಹಾರ ಆಯುಕ್ತರು ಇದನ್ನು ಶೇ. 100 ನಷ್ಟ ಎಂದರು. ಹೈಕೋರ್ಟ್ ಶೇ. 65ಕ್ಕೆ ಇಳಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಶೇ. 100ಕ್ಕೆ ಏರಿಸಿತು. ಕಾಲಿಲ್ಲದೆ ಡ್ರೈವರ್ ಕೆಲಸ ಮಾಡುವುದು ಹೇಗೆ? ಆ ಕೆಲಸದ ಮಟ್ಟಿಗೆ ನಷ್ಟ ಪೂರ್ತಿ ಎನ್ನುವುದು ಅದರ ತಾತ್ಪರ್ಯ.

ಹೊಸ ಸಂಹಿತೆಯಲ್ಲಿ ಇನ್ನೊಂದು ವಿಷಯ ಸ್ಪಷ್ಟವಾಗಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮರಳುವಾಗ ಆದ ಅಪಘಾತವೂ ಪರಿಹಾರಕ್ಕೆ ಬರುತ್ತದೆ. ಹೊತ್ತು, ಜಾಗ ಕೆಲಸಕ್ಕೆ ಹೊಂದಬೇಕು ಅಷ್ಟೇ. ಬೆಳಿಗ್ಗೆ ಬೈಕ್ ಹತ್ತಿ ಹೆದ್ದಾರಿಯಲ್ಲಿ ಕುಂದಾಪುರಕ್ಕೆ ಕೆಲಸಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೇಸ್ ಸೋಲುವುದು ಎಲ್ಲಿ?

ಆಸ್ಪತ್ರೆಯ ಮೊದಲ ಚೀಟಿಯಲ್ಲೇ. ಧಣಿಗೆ ತೊಂದರೆ ಬೇಡ ಎಂದು "ಮನೆಯಲ್ಲಿ ಬಿದ್ದದ್ದು" ಎಂದು ಬರೆಸಿದರೆ ಆಮೇಲೆ ಅದನ್ನು ಬದಲಾಯಿಸುವುದು ಭಾರೀ ಕಷ್ಟ. ಕೆಲಸದ ಜಾಗದಲ್ಲಿ ಆದದ್ದಾದರೆ ಹಾಗೆಯೇ ಹೇಳಿ ಎಂಎಲ್‌ಸಿ ಮಾಡಿಸಬೇಕು. ಮಾಲೀಕರಿಗೆ ವಿಷಯವನ್ನು ಬರಹದಲ್ಲಿ ತಿಳಿಸಬೇಕು, ವಾಟ್ಸಾಪ್ ಮೆಸೇಜ್ ಆದರೂ ಇಟ್ಟುಕೊಂಡಿರಬೇಕು. ಕೂಲಿ ಚೀಟಿ ಇಲ್ಲದವರಿಗೆ ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಸಂಬಳದ ದಾಖಲೆ ಉಪಯೋಗಕ್ಕೆ ಬರುತ್ತದೆ. ಅರ್ಜಿ ಹಾಕಲು ಇರುವುದು ಎರಡು ವರ್ಷ. "ಕೊಡ್ತೇನೆ, ಕಾಯಿರಿ" ಎಂಬ ಮಾತಿನಲ್ಲೇ ಆ ಅವಧಿ ಕಳೆದುಹೋಗಬಾರದು.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂದೆ ಸರಿಯಬೇಕಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಆದಾಯ ಕಡಿಮೆ ಇರುವವರಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಸಹಾಯವಾಣಿ 15100.

ಅಂಗಡಿಯವರಿಗೂ ಇದೆ ಪಾಠ

10 ಜನಕ್ಕಿಂತ ಕಡಿಮೆ ಇದ್ದಾರೆ, ನಮಗೆ ಯಾವ ಕಾನೂನೂ ಇಲ್ಲ ಎನ್ನುವುದು ತಪ್ಪು. 10 ಮತ್ತು ಮೇಲ್ಪಟ್ಟು ನೌಕರರಿದ್ದರೆ 21,000 ರೂ. ಒಳಗಿನ ಸಂಬಳದವರು ಇಎಸ್‌ಐಗೆ ಬರುತ್ತಾರೆ, ಪರಿಹಾರವನ್ನು ಅಲ್ಲಿಂದಲೇ ಪಡೆಯುತ್ತಾರೆ. ಇಎಸ್‌ಐ ಇಲ್ಲದ ಕಡೆ ಕಟ್ಟಡ ಕೆಲಸ, ಮರ ಕಡಿಯುವುದು, ಯಂತ್ರದ ಕೆಲಸ, ವಾಹನ ಓಡಿಸುವಂಥ ಕೆಲಸಗಳಿಗೆ ಮಾಲೀಕರೇ ನೇರ ಹೊಣೆ. ತಮ್ಮ ವ್ಯಾಪಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೂ ಮೊದಲು ಮಾಲೀಕರಿಂದ ಕೇಳಬಹುದು, ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಆಮೇಲಿನ ಮಾತು.

ಹಿರಿಯರನ್ನು ಕೂರಿಸಿ ಮಾಡಿದ ರಾಜಿ ಮಾಲೀಕರನ್ನೂ ಕಾಪಾಡುವುದಿಲ್ಲ. ಕಾರ್ಮಿಕ ತೀರಿಕೊಂಡರೆ ಪರಿಹಾರದ ಹಣವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು. ತುರ್ತಿನ ಮುಂಗಡ ಬಿಟ್ಟು, ಮನೆಯವರ ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಒಂದು ತಿಂಗಳಲ್ಲಿ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಶೇ. 50ರವರೆಗೆ ದಂಡ. ಸಣ್ಣ ಅಂಗಡಿ, ಸಣ್ಣ ಮಿಲ್ ಮುಳುಗುವುದಕ್ಕೆ ಇಂಥ ಒಂದೇ ಕೇಸ್ ಸಾಕು. ಅದಕ್ಕೇ ವಿಮಾ ಕಂಪನಿಗಳು ಕೊಡುವ ಕಾರ್ಮಿಕ ಪರಿಹಾರ ಪಾಲಿಸಿ ಮಾಡಿಸಿಟ್ಟುಕೊಳ್ಳುವುದು ಧಣಿಗೂ ಒಳ್ಳೆಯದು, ಆಳಿಗೂ ಒಳ್ಳೆಯದು.

ಇದರ ಜೊತೆ ವರ್ಷಕ್ಕೆ 20 ರೂ.ಗೆ ಬ್ಯಾಂಕಿನಲ್ಲಿ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂ. ಇದೆ. ಕಟ್ಟಡ ಕಾರ್ಮಿಕರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಬಹುದು. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯಕ್ಕೆ ಯುಡಿಐಡಿ ಕಾರ್ಡ್ ಪಡೆದು ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಕೊಡಬಹುದು. ಇವು ಯಾವುದೂ ಮಾಲೀಕರ ಪರಿಹಾರಕ್ಕೆ ಬದಲಿಯಲ್ಲ, ಅದರ ಮೇಲಿನವು.

ಪರಿಹಾರ ಕೇಳುವುದು ಉಂಡ ಮನೆಗೆ ದ್ರೋಹ ಅಲ್ಲ. ಬೆರಳು ಹೋದವನಿಗೆ ಮುಂದೆ ಮೂವತ್ತು ವರ್ಷ ಮನೆ ನಡೆಸುವುದಿದೆ. ಆಸ್ಪತ್ರೆ ಬಿಲ್ಲಿನಲ್ಲಿ ಆ ಲೆಕ್ಕ ಬರುವುದಿಲ್ಲ.