ಪೆಟ್ಟಿಗೆಯ ದೀಪ ಕೆಂಪಾದಾಗ

ತುಮಕೂರಿನಲ್ಲಿರುವ ನಮ್ಮ ಅಕ್ಕನ ಮನೆಗೆ ಕಳೆದ ವರ್ಷ ಮಳೆಗಾಲದಲ್ಲಿ ಹೊಸದಾಗಿ ಬ್ರಾಡ್‌ಬ್ಯಾಂಡ್ ಬಂತು. ಫೈಬರ್ ಸಂಪರ್ಕ, ಸೆಕೆಂಡಿಗೆ 100 ಮೆಗಾಬಿಟ್ ವೇಗದ ಭರವಸೆ. ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಎರಡು ಕಡ್ಡಿಗಿಂತ ಮೇಲೇರುವುದಿಲ್ಲ. ಮಗಳ ಓದಿಗೆ ಅನುಕೂಲವಾಗಲಿ ಎಂದು ಭಾವ ಆರು ತಿಂಗಳ ಹಣವನ್ನು ಒಟ್ಟಿಗೇ ಕಟ್ಟಿ ಹಾಕಿಸಿದ್ದರು. ಹದಿನೈದನೆಯ ದಿನಕ್ಕೆ ಅಕ್ಕನ ಫೋನು: ‘ನೀನೇ ಒಂದ್ಸಲ ಬಂದು ನೋಡೋ. ಇವರು ಕಂಪೆನಿಯವರ ಜೊತೆ ಜಗಳ ಆಡಿ ಆಡಿ ಬಿಪಿ ಏರಿಸಿಕೊಂಡಿದ್ದಾರೆ.’

ವಿಷಯ ಬರಿಯ ಬಿಪಿಯದ್ದಾಗಿರಲಿಲ್ಲ. ಸೊಸೆಯ ಸಿಇಟಿ ಸೀಟಿಗೆ ಕಾಲೇಜುಗಳ ಆಯ್ಕೆಯನ್ನು ಆನ್‌ಲೈನಿನಲ್ಲಿ ತುಂಬಬೇಕಿತ್ತು. ಕೊನೆಯ ದಿನ ಮರುದಿನವೇ. ಮಹಡಿಯ ಕೋಣೆಯಲ್ಲಿ ಅವಳು ನಾಲ್ಕು ಆಯ್ಕೆ ಸೇರಿಸುವಷ್ಟರಲ್ಲಿ ಪುಟ ನಿಂತುಬಿಡುತ್ತಿತ್ತು. ಸೈಬರ್ ಸೆಂಟರಿಗೆ ಹೋಗೋಣವೆಂದರೆ ತನ್ನ ಪಾಸ್‌ವರ್ಡನ್ನು ಯಾರದೋ ಕಂಪ್ಯೂಟರಿನಲ್ಲಿ ಒತ್ತಲು ಹೆದರಿಕೆ. ಹೆದರಿಕೆ ಸರಿಯಾದದ್ದೇ ಅನ್ನಿ. ಮರುದಿನ ಬೆಳಗಿನ ರೈಲಿಗೆ ನಾನು ಹೊರಟೆ.

ಮನೆಯಲ್ಲಿ ನಲ್ಲಿ ಬಾರದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಸಂಪಿನ ಮುಚ್ಚಳ ತೆಗೆದು ನೋಡುತ್ತೇವೆ. ಸಂಪಿನಲ್ಲಿ ನೀರಿದ್ದರೆ ನಗರಸಭೆಯವರನ್ನು ಬೈದು ಪ್ರಯೋಜನವಿಲ್ಲ, ನಮ್ಮ ಮೋಟರನ್ನೋ ಪೈಪನ್ನೋ ನೋಡಬೇಕು. ಇಂಟರ್‌ನೆಟ್ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ಮರೆತು ನೇರವಾಗಿ ಫೋನೆತ್ತಿಕೊಳ್ಳುತ್ತೇವೆ. ಇಲ್ಲೂ ದಾರಿಗೆ ಮೂರು ತುಂಡುಗಳಿವೆ. ನಮ್ಮ ಫೋನು ಅಥವಾ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲಿನ ಪೆಟ್ಟಿಗೆಯವರೆಗೆ ಒಂದು. ಪೆಟ್ಟಿಗೆಯಿಂದ ಕಂಪೆನಿಯ ಕೇಂದ್ರದವರೆಗೆ ಇನ್ನೊಂದು. ಅಲ್ಲಿಂದಾಚೆಗೆ, ನಾವು ತಲುಪಬೇಕಾದ ಕಂಪ್ಯೂಟರಿನವರೆಗೆ ಮೂರನೆಯದು. ಯಾವ ತುಂಡಿನಲ್ಲಿ ತೊಂದರೆ ಎಂದು ತಿಳಿದರೆ ಅರ್ಧ ರಿಪೇರಿ ಆದಂತೆ.

ಅಕ್ಕನ ಮನೆಯಲ್ಲಿ ನಾನು ಮೊದಲು ನೋಡಿದ್ದು ಪೆಟ್ಟಿಗೆಯ ದೀಪಗಳನ್ನು. ರೂಟರ್ ಅನ್ನಿ, ಮೋಡೆಮ್ ಅನ್ನಿ, ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ‘ಪಾನ್’ ಮತ್ತು ‘ಎಲ್‌ಓಎಸ್’ ಎಂಬ ಎರಡು ದೀಪಗಳಿರುತ್ತವೆ. ಪಾನ್ ಹಸಿರಾಗಿ, ಮಿಟುಕದೆ ಉರಿಯುತ್ತಿದ್ದರೆ ಕಂಪೆನಿಯ ಕೇಂದ್ರಕ್ಕೂ ನಮ್ಮ ಪೆಟ್ಟಿಗೆಗೂ ಮಾತುಕತೆ ನಡೆದಿದೆ ಎಂದರ್ಥ. ಎಲ್‌ಓಎಸ್ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ ಅಥವಾ ಸಾಲದಷ್ಟು ಬರುತ್ತಿದೆ. ಅಲ್ಲಿ ಪಾನ್ ಹಸಿರಾಗಿತ್ತು, ಎಲ್‌ಓಎಸ್ ಆರಿತ್ತು. ಎಂದರೆ ಭಾವ ಹದಿನೈದು ದಿನ ಬೈದದ್ದು ಸರಿಯಾಗಿದ್ದ ತುಂಡನ್ನು!

ನಂಬುವುದು ಹೇಗೆ? ಲ್ಯಾಪ್‌ಟಾಪಿನ ವೈಫೈ ಆರಿಸಿ, ಪೆಟ್ಟಿಗೆಯ ಹಿಂದಿನ ಕಿಂಡಿಗೆ ಕೇಬಲ್ ಹಾಕಿ ವೇಗ ಅಳೆದೆವು. 94 ಬಂತು. ‘ನೋಡಿದೆಯಾ, ಆರು ಹೊಡೆದುಕೊಂಡಿದ್ದಾರೆ’ ಎಂದರು ಭಾವ. ಹೊಡೆದುಕೊಂಡಿರಲಿಲ್ಲ. ಇಂಟರ್‌ನೆಟ್‌ನಲ್ಲಿ ಮಾಹಿತಿ ಹೋಗುವುದು ಸಣ್ಣ ಸಣ್ಣ ಪೊಟ್ಟಣಗಳಾಗಿ. ಪ್ರತಿ ಪೊಟ್ಟಣದ ಮೇಲೂ ವಿಳಾಸ ಬರೆಯಬೇಕು, ಆ ಬರವಣಿಗೆಯೂ ದಾರಿಯಲ್ಲಿ ಜಾಗ ಹಿಡಿಯುತ್ತದೆ. ಅವರ ಪೆಟ್ಟಿಗೆಯಂತೆ ಸೆಕೆಂಡಿಗೆ 100 ಮೆಗಾಬಿಟ್‌ನ ಕಿಂಡಿ ಇದ್ದರೆ ನಿಮಗೆ ಸಿಗುವುದು ಹೆಚ್ಚೆಂದರೆ 94-95. ಇನ್ನೊಂದು ಗೊಂದಲವೂ ಇದೆ. ಕಂಪೆನಿಗಳು ಲೆಕ್ಕ ಹೇಳುವುದು ಮೆಗಾಬಿಟ್‌ನಲ್ಲಿ, ಕಡತ ಇಳಿಸುವಾಗ ಕಂಪ್ಯೂಟರು ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ನೂರರ ಸಂಪರ್ಕದಲ್ಲಿ ಪರದೆಯ ಮೇಲೆ ಹನ್ನೊಂದು, ಹನ್ನೆರಡು ಕಂಡರೆ ಗಾಬರಿಯಾಗಬೇಡಿ. (200, 300ರ ಸಂಪರ್ಕಕ್ಕೆ ಹಣ ಕೊಟ್ಟೂ ಕೇಬಲ್‌ನಲ್ಲಿ 94ಕ್ಕೇ ನಿಂತರೆ ಮಾತ್ರ ಕಿಂಡಿಯನ್ನೋ ಕೇಬಲ್ಲನ್ನೋ ಅನುಮಾನಿಸಿ. ಕೇಬಲ್ಲಿನೊಳಗಿನ ಎಂಟು ಎಳೆಗಳೂ ಸರಿಯಾಗಿ ಕೂತಿದ್ದರೆ ಮಾತ್ರ ಅದು ನೂರನ್ನು ದಾಟುತ್ತದೆ. ನಾಲ್ಕೇ ಎಳೆ ಕೆಲಸ ಮಾಡುತ್ತಿದ್ದರೆ ನೂರಕ್ಕೇ ನಿಲ್ಲುತ್ತದೆ.)

ಈಗ ಉಳಿದದ್ದು ಮೊದಲನೆಯ ತುಂಡು. ಮಹಡಿಯ ಕೋಣೆಗೆ ಹೋಗಿ ಅಳೆದರೆ 3. ಮೂರು ಮೆಗಾಬಿಟ್! ತಮಾಷೆಯೆಂದರೆ ಸರ್ಕಾರದ ವ್ಯಾಖ್ಯೆಯಂತೆ ಅದೂ ಬ್ರಾಡ್‌ಬ್ಯಾಂಡೇ. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಿದರು. 1995ರ ಆಗಸ್ಟ್ 15ರಂದು ಇಂಟರ್‌ನೆಟ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಸಿಗತೊಡಗಿದಾಗ ಟೆಲಿಫೋನ್ ತಂತಿಯಲ್ಲಿ ಕಿರುಚುವ ಮೋಡೆಮ್ ಇಟ್ಟುಕೊಂಡು ಕಾಯುತ್ತಿದ್ದವರಿಗೆ 3 ಮೆಗಾಬಿಟ್ ಸ್ವರ್ಗವಾಗಿ ಕಂಡೀತು. ಇಂದಿನ ಪುಟಗಳು ಅಂದಿನಷ್ಟು ಹಗುರವಾಗಿಲ್ಲವಲ್ಲ. ಅದೂ ಅಲ್ಲದೆ ಆ ಮೂರೂ ಒಂದೇ ಸಮನೆ ಬರುತ್ತಿರಲಿಲ್ಲ, ಬಿಟ್ಟು ಬಿಟ್ಟು ಬರುತ್ತಿತ್ತು. ಪುಟ ನಿಲ್ಲುತ್ತಿದ್ದುದು ಅದಕ್ಕೇ.

‘ಯಾವ ವೈಫೈಗೆ ಸೇರಿಕೊಂಡಿದ್ದೀಯಮ್ಮಾ?’ ಎಂದೆ. ‘5ಜಿ ಅಂತ ಇರೋದಕ್ಕೇ ಮಾವ, ಅದೇ ತಾನೆ ಜಾಸ್ತಿ ಸ್ಪೀಡು?’

ಈ ಮಾತನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಪೆಟ್ಟಿಗೆ ಎರಡು ಹೆಸರುಗಳಲ್ಲಿ ವೈಫೈ ಕೊಡುತ್ತಿದ್ದರೆ ಒಂದರ ಕೊನೆಯಲ್ಲಿ ಸಾಮಾನ್ಯವಾಗಿ 5ಜಿ ಎಂದಿರುತ್ತದೆ. ಅದಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಮೊಬೈಲಿನದು ಐದನೆಯ ತಲೆಮಾರು, ಇದು 5 ಗಿಗಾಹರ್ಟ್ಸ್ ಎಂಬ ತರಂಗದ ಲೆಕ್ಕ. ಇನ್ನೊಂದು ಹೆಸರಿನದು 2.4 ಗಿಗಾಹರ್ಟ್ಸ್. ಒಂದೇ ಕೋಣೆಯಲ್ಲಿ ಕುಳಿತರೆ ಐದರದ್ದೇ ವೇಗ. ಗೋಡೆ, ಆರ್‌ಸಿಸಿ ಸ್ಲ್ಯಾಬು ಅಡ್ಡ ಬಂದರೆ ಅದು ಬೇಗ ಸೊರಗುತ್ತದೆ. 2.4ರದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. ಅದರ ಕಷ್ಟ ಬೇರೆ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಅದೇ ಸಂತೆಯಲ್ಲಿ ಕೂಗುತ್ತಿರುತ್ತವೆ.

ಸಾಲದ್ದಕ್ಕೆ ಪೆಟ್ಟಿಗೆ ಕೂತಿದ್ದ ಜಾಗ ನೋಡಬೇಕಿತ್ತು ನೀವು. ನೆಲಮಹಡಿಯ ಮೂಲೆ, ಟೀವಿಯ ಹಿಂದೆ, ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಬೀರು. ಲೋಹ ತರಂಗವನ್ನು ಒಳಗೆ ಬಿಡುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಹಾಕಲು ಬಂದ ಹುಡುಗ ‘ಎಲ್ಲಿಡಲಿ ಸಾರ್?’ ಎಂದು ಕೇಳಿದ್ದನಂತೆ. ‘ಕಣ್ಣಿಗೆ ಕಾಣದ ಹಾಗೆ ಇಡಪ್ಪ’ ಎಂದವರು ಭಾವನೇ.

ಮೆಟ್ಟಿಲ ಬುಡಕ್ಕೆ, ಎತ್ತರದಲ್ಲಿ ಇಟ್ಟರೆ ಎರಡೂ ಮಹಡಿಗೆ ಅನುಕೂಲ. ಟೀವಿಯ ಹಿಂದೆ ಫೈಬರನ್ನು ಸುತ್ತಿ ಇಟ್ಟಿದ್ದರು, ಬಿಚ್ಚಿದರೆ ಆರೇಳು ಅಡಿ ಬರುತ್ತಿತ್ತು. ಕಂಪೆನಿಯವರಿಗೆ ಯಾಕೆ ಕಾಯಬೇಕು, ನಾನೇ ಎಳೆಯುತ್ತೇನೆ ಎಂದು ಹೊರಟೆ. ಬಾಗಿಲ ಚೌಕಟ್ಟಿನ ಮೊಳೆಗೆ ತಂತಿಯನ್ನು ಬಿಗಿಯಾಗಿ ತಿರುಗಿಸಿ ಈಚೆಗೆ ತಂದು ಪೆಟ್ಟಿಗೆಯನ್ನು ಕೂರಿಸಿದೆ. ಸ್ವಿಚ್ ಹಾಕಿದರೆ ಎಲ್‌ಓಎಸ್ ದೀಪ ಕೆಂಪು! ಆಗ ಮಧ್ಯಾಹ್ನ ಎರಡು ಗಂಟೆ. ಸೊಸೆಯ ಪಟ್ಟಿಗೆ ಸಂಜೆಯವರೆಗೆ ಮಾತ್ರ ಸಮಯ. ಭಾವ ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದದ್ದೇ ಹೆಚ್ಚು ಚುಚ್ಚಿತು.

ತಪ್ಪು ನನ್ನದೇ. ಫೈಬರಿನೊಳಗೆ ಇರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಬೆಳಕು ಅದರ ಅಂಚಿಗೆ ತಾಗಿ ತಾಗಿ ಒಳಕ್ಕೇ ಮರಳುತ್ತ ಸಾಗುತ್ತದೆ. ಫಿಸಿಕ್ಸ್ ಪುಸ್ತಕದಲ್ಲಿ ನೀವು ಓದಿರುವ ಪೂರ್ಣ ಆಂತರಿಕ ಪ್ರತಿಫಲನ ಇದೇ. ತೀರಾ ಮಡಿಸಿದರೆ ಆ ತಿರುವಿನಲ್ಲಿ ಬೆಳಕು ಗಾಜಿನಿಂದ ಹೊರಕ್ಕೆ ಸೋರಿಹೋಗುತ್ತದೆ. ವಿದ್ಯುತ್ ತಂತಿಯನ್ನು ಮೊಳೆಗೆ ಸುತ್ತಿದಂತೆ ಇದನ್ನು ಸುತ್ತಬಾರದು. ತಿರುವು ಕೈಬಳೆಯಷ್ಟಾದರೂ ದುಂಡಗಿರಲಿ. ಎಳೆಯ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಧೂಳಿನ ಒಂದು ಕಣ ಸಾಕು ಬೆಳಕನ್ನು ತಡೆಯಲು. ಬೆಳಕು ಬರುತ್ತಿದೆಯೇ ಎಂದು ಕಣ್ಣಿಟ್ಟಂತೂ ನೋಡಲೇಬೇಡಿ. ಕೇಂದ್ರದಿಂದ ಸಾಮಾನ್ಯವಾಗಿ ಬರುವ ಬೆಳಕಿನ ತರಂಗದ ಉದ್ದ 1490 ನ್ಯಾನೋಮೀಟರು. ನಮ್ಮ ಕಣ್ಣು 700ರ ಆಸುಪಾಸಿಗೇ ಸೋಲುತ್ತದೆ. ಲೇಸರ್ ಕಿರಣ ಕಣ್ಣಿಗೆ ಬಿದ್ದರೂ ನಮಗೆ ಗೊತ್ತಾಗುವುದಿಲ್ಲ.

ಮೊಳೆಯಿಂದ ತಂತಿ ಬಿಡಿಸಿ, ಚೌಕಟ್ಟಿನ ಮೇಲೆ ಸಡಿಲವಾಗಿ ಹಾಯಿಸಿದೆ. ಕೆಂಪು ಆರಿತು. ಪಾನ್ ದೀಪ ಸ್ವಲ್ಪ ಹೊತ್ತು ಮಿಟುಕಿ ನಿಂತಿತು. ಎಳೆ ಮುರಿದಿರಲಿಲ್ಲ, ಅದು ನನ್ನ ಪುಣ್ಯ. ಮುರಿದಿದ್ದರೆ ಹೊಸ ತುದಿ ಜೋಡಿಸಲು ಕಂಪೆನಿಯವರೇ ಬರಬೇಕಿತ್ತು, ಅಂದು ಸಂಜೆಯೊಳಗೆ ಅವರು ಬರುವ ಮಾತಿರಲಿಲ್ಲ.

ಮಹಡಿಯ ಕೋಣೆಯಲ್ಲಿ 2.4ರ ವೈಫೈಗೆ ಸೇರಿಕೊಂಡು ಅಳೆದರೆ 31. ಆದರೂ ಪಟ್ಟಿ ತುಂಬಲು ಸೊಸೆಯನ್ನು ಕೆಳಗೇ, ಪೆಟ್ಟಿಗೆಗೆ ಕೇಬಲ್ ಹಾಕಿ ಕೂರಿಸಿದೆ. ಪರೀಕ್ಷೆ, ಸಂದರ್ಶನ, ಅರ್ಜಿ ಇಂಥ ಕೆಲಸಗಳಿಗೆ ಕೇಬಲ್ಲೇ ವಾಸಿ. ಮೂರನೆಯ ತುಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇರೆಲ್ಲ ಪುಟಗಳು ಸರಾಗವಾಗಿ ತೆರೆದು ಒಂದೇ ಒಂದು ತೆವಳುತ್ತಿದ್ದರೆ ಅಲ್ಲಿ ನೂಕುನುಗ್ಗಲು ಇದೆ ಎಂದರ್ಥ. ಕೊನೆಯ ದಿನ ಎಲ್ಲಿ ಬೇಕಾದರೂ ಹೀಗಾಗಬಹುದು, ನಿಮ್ಮ ಮನೆಯ ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಾಕಿದರೂ ಅದು ಸರಿಹೋಗದು.

ನಿಜವಾಗಿಯೂ ಎಲ್‌ಓಎಸ್ ಕೆಂಪಾಗಿದ್ದು, ತಂತಿ ಎಲ್ಲೂ ಮಡಚಿಲ್ಲವಾದರೆ ಆಗ ಕಂಪೆನಿಗೆ ಫೋನು ಮಾಡಿ. ‘ನೆಟ್ ಬರ್ತಿಲ್ಲ’ ಎನ್ನಬೇಡಿ. ಯಾವ ದೀಪ ಯಾವ ಬಣ್ಣ, ಕೇಬಲ್‌ನಲ್ಲಿ ಎಷ್ಟು, ವೈಫೈನಲ್ಲಿ ಎಷ್ಟು, ಎಷ್ಟು ಗಂಟೆಯಿಂದ ಎಂದು ಹೇಳಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದೂರು ಪರಿಹಾರವಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕನ್ನು ಟ್ರಾಯ್‌ನ 2012ರ ನಿಯಮಗಳು ಗ್ರಾಹಕರಿಗೆ ಕೊಟ್ಟಿವೆ. ಅದಕ್ಕೆ ಆ ಸಂಖ್ಯೆ ಬೇಕಾಗುತ್ತದೆ.

ನಾಲ್ಕೂವರೆಗೆ ಸೊಸೆ ಪಟ್ಟಿ ಮುಗಿಸಿ, ಅದರ ಪ್ರತಿಯನ್ನು ಉಳಿಸಿಕೊಂಡಳು. ಅಕ್ಕ ಕಾಫಿ ತಂದಳು. ಭಾವ ಲೋಟ ಹಿಡಿದುಕೊಂಡು ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದವರು ಕೊನೆಗೆ ಕೇಳಿದರು: ‘ಅಲ್ಲಯ್ಯಾ, ಆ ಆರು ಮೆಗಾಬಿಟ್‌ಗೆ ದುಡ್ಡು ಕಳೆದುಕೊಡಲ್ವಾ ಅವರು?’